ಕೌಬ್‌ನಲ್ಲಿ 25 ಸೆಂಟಿಮೀಟರ್: 2018ರಲ್ಲಿ ರೈನ್ ನದಿಯ ಬಾರ್ಜ್‌ಗಳಿಗೆ ಏನಾಯಿತು?

2018ರ ಅಕ್ಟೋಬರ್ 22ರಂದು ಜರ್ಮನಿಯ ಕೌಬ್ ಅನ್ನೋ ಪುಟ್ಟ ಊರಿನಲ್ಲಿ ರೈನ್ ನದಿಯ ಅಳತೆಗೋಲು 25 ಸೆಂಟಿಮೀಟರ್ ತೋರಿಸಿತು. ಹಿಂದಿನ ದಾಖಲೆ 2003ರದ್ದು, 35 ಸೆಂಟಿಮೀಟರ್. ಈ ಸಲ ಅದಕ್ಕಿಂತಲೂ 10 ಕಡಿಮೆ. ಒಂದು ಗೇಣಿಗಿಂತ ಚೂರು ಜಾಸ್ತಿ, ಅಷ್ಟೇ. ಆ ವಾರಗಳಲ್ಲಿ ರೈನ್ ದಂಡೆಯ ದೊಡ್ಡ ದೊಡ್ಡ ಕಾರ್ಖಾನೆಗಳಿಗೆ ಸರಕು ಸಾಲಲಿಲ್ಲ, ಪೆಟ್ರೋಲ್ ಬಂಕುಗಳಿಗೆ ಇಂಧನ ಕೊರತೆಯಾಯಿತು, ಸರಕಾರ ತುರ್ತು ದಾಸ್ತಾನಿನ ಬೀಗ ತೆಗೆಯಬೇಕಾಯಿತು.

ಚಪ್ಪಟೆ ತಳದ ದೋಣಿಗಳ ಬಗ್ಗೆ ಓದುವಾಗ ನಾನು ಮತ್ತೆ ಮತ್ತೆ ಈ ಪ್ರಕರಣಕ್ಕೇ ವಾಪಸ್ ಬರುತ್ತೇನೆ. ಕಾರಣ ಇಷ್ಟೇ. ಚಪ್ಪಟೆ ತಳ ಹುಟ್ಟಿದ್ದೇ ಆಳವಿಲ್ಲದ ನೀರಿಗಾಗಿ. ಹಾಗಿರುವಾಗ ನೀರು ಕಡಿಮೆಯಾದ ವರ್ಷವೇ ಆ ದೋಣಿಗಳು ಕೈಕೊಟ್ಟವು ಅಂದರೆ ಏನರ್ಥ? ಬರಗಾಲದ ಮೇಲೆ ಪೂರ್ತಿ ಭಾರ ಹಾಕಿ ಸುಮ್ಮನಾಗಬಹುದು. ಆದರೆ ದೋಣಿಯ ಆಕಾರವನ್ನು, ಅದು ವರ್ಷಗಳಲ್ಲಿ ಬೆಳೆದ ದಿಕ್ಕನ್ನು ನೋಡದೆ ಈ ಕಥೆ ಪೂರ್ತಿಯಾಗುವುದಿಲ್ಲ.

ಮೊದಲು ಆ 25ರ ಗೊಂದಲ ಬಿಡಿಸಿಬಿಡೋಣ. ನದಿಯ ಆಳ 25 ಸೆಂಟಿಮೀಟರ್ ಆಗಿತ್ತು ಅಂತ ಬಹಳ ಜನ ತಿಳಿದರು. ಅದು ತಪ್ಪು. ಅಳತೆಗೋಲಿನ ಸೊನ್ನೆ ನದಿಯ ತಳದಲ್ಲಿಲ್ಲ. ಯಾವತ್ತೋ ಒಂದು ಎತ್ತರವನ್ನು ಸೊನ್ನೆ ಅಂತ ಗುರುತಿಸಿದ್ದಾರೆ, ನೀರು ಅದಕ್ಕಿಂತ ಎಷ್ಟು ಮೇಲಿದೆ ಅನ್ನೋದನ್ನು ಕೋಲು ಹೇಳುತ್ತದೆ. ದೋಣಿ ನಡೆಸುವವರಿಗೆ ಬೇಕಾಗುವುದು ಇನ್ನೊಂದು ಲೆಕ್ಕ. ಕೌಬ್‌ನ ಕೋಲು 78 ತೋರಿಸಿದಾಗ ಅಲ್ಲಿನ ದೋಣಿ ಹಾದಿಯಲ್ಲಿ ಕಡೇಪಕ್ಷ 1.90 ಮೀಟರ್ ನೀರು ಇರುತ್ತದೆ ಅಂತ ಜಲಮಾರ್ಗದ ಇಲಾಖೆ ಲೆಕ್ಕ ಇಟ್ಟಿತ್ತು. ಅಂದರೆ ಕೋಲಿನ ಅಂಕಿಗೆ 1.12 ಮೀಟರ್ ಸೇರಿಸಿದರೆ ಹಾದಿಯ ಆಳ ಸಿಗುತ್ತದೆ. 25ಕ್ಕೆ ಸೇರಿಸಿದರೆ 1.37 ಮೀಟರ್. ಎದೆಮಟ್ಟಕ್ಕೆ ಬರುವಷ್ಟು ನೀರು. ನಾವು ನೀವು ನಡೆದು ದಾಟಲು ಅದು ಅಪಾಯದ ನೀರು, 110 ಮೀಟರ್ ಉದ್ದದ ಬಾರ್ಜಿಗೆ, ಅಂದರೆ ಚಪ್ಪಟೆ ತಳದ ಸರಕು ದೋಣಿಗೆ, ಅದು ಹೆಚ್ಚುಕಡಿಮೆ ನೆಲ.

ಈಗ ದೋಣಿಗೆ ಬರೋಣ. ರೈನ್‌ನಲ್ಲಿ ಓಡಾಡುವ ದೊಡ್ಡ ಸರಕು ದೋಣಿಯ ಸಾಮಾನ್ಯ ಅಳತೆ 110 ಮೀಟರ್ ಉದ್ದ, 11.4 ಮೀಟರ್ ಅಗಲ. ಎಂಜಿನ್ ಅದರಲ್ಲೇ ಇರುತ್ತದೆ. ಪೂರ್ತಿ ತುಂಬಿದರೆ ಸುಮಾರು 3.5 ಮೀಟರ್ ನೀರೊಳಗೆ ಇಳಿಯುತ್ತದೆ. ಈ ಇಳಿತವನ್ನು ನಾವಿಕರು ಡ್ರಾಫ್ಟ್ ಅನ್ನುತ್ತಾರೆ. ಹಿಡಿಸುವ ಸರಕು ಹತ್ತಿರಹತ್ತಿರ 2,900 ಟನ್. ಒಂದು ಲಾರಿಗೆ 25 ಟನ್ ಅಂತ ಇಟ್ಟುಕೊಂಡರೂ ನೂರಕ್ಕಿಂತ ಜಾಸ್ತಿ ಲಾರಿಗಳ ಲೋಡು ಒಂದೇ ದೋಣಿಯಲ್ಲಿ.

ಸಮುದ್ರದ ದೋಣಿಯ ತಳವನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಸಾಮಾನ್ಯವಾಗಿ ದುಂಡಗೋ ಚೂಪಗೋ ಕಾಣುತ್ತದೆ, ಅಲೆಯನ್ನು ಸೀಳಬೇಕಲ್ವಾ. ನದಿಯ ಬಾರ್ಜ್ ಹಾಗಲ್ಲ. ಅದು ಒಂದು ಉದ್ದನೆಯ ಪೆಟ್ಟಿಗೆ. ತಳ ಸಪಾಟು, ಪಕ್ಕಗಳು ನೇರ, ಮುಂದೆ ಹಿಂದೆ ಮಾತ್ರ ಸ್ವಲ್ಪ ಬಾಗು. ಆರ್ಕಿಮಿಡಿಸ್ ಹೇಳಿದ್ದು ಇಲ್ಲಿ ನೇರವಾಗಿ ಕಣ್ಣಿಗೆ ಕಾಣುತ್ತದೆ. ದೋಣಿ ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೋ ಅಷ್ಟೇ ತೂಕ ಹೊರುತ್ತದೆ. ತಳ ಅಗಲವಾಗಿ, ಸಪಾಟಾಗಿ ಇದ್ದರೆ ಸ್ವಲ್ಪ ಇಳಿದರೂ ಸಾಕು, ಬೇಕಾದಷ್ಟು ನೀರನ್ನು ತಳ್ಳಿರುತ್ತದೆ. ಹಾಗಾಗಿ ಅದೇ ಭಾರಕ್ಕೆ ಕಡಿಮೆ ಆಳ ಸಾಕಾಗುತ್ತದೆ.

ಆದರೆ ಈ ಗುಣವೇ ತಿರುಗಿಬೀಳುವುದೂ ಉಂಟು. ಲೆಕ್ಕ ಮಾಡಿ ನೋಡಿ. 110ನ್ನು 11.4ರಿಂದ ಗುಣಿಸಿದರೆ 1,254 ಚದರ ಮೀಟರ್. ಮೂಲೆಗಳು ಬಾಗಿರುವುದಕ್ಕೆ ಶೇ. 10 ಬಿಟ್ಟರೆ ಸುಮಾರು 1,130. ಆ ವಿಸ್ತೀರ್ಣ ಒಂದು ಸೆಂಟಿಮೀಟರ್ ಇಳಿದರೆ 11 ಘನ ಮೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಪಕ್ಕಕ್ಕೆ ಹೋಗುತ್ತದೆ, ಅಂದರೆ 11 ಟನ್. ನದಿ ಒಂದು ಸೆಂಟಿಮೀಟರ್ ಇಳಿದರೆ ಪ್ರತಿ ದೋಣಿಯಿಂದ 11 ಟನ್ ಸರಕು ಇಳಿಸಬೇಕು. ಒಂದು ಬೆರಳಿನ ದಪ್ಪಕ್ಕೆ ಅರ್ಧ ಲಾರಿ ಲೋಡು! ನನಗೆ ಈ ಇಡೀ ಪ್ರಕರಣ ಅರ್ಥವಾಗಿದ್ದು ಈ ಒಂದು ಗುಣಾಕಾರದಿಂದ.

ಅದನ್ನೇ ಮುಂದುವರಿಸೋಣ. ತಳಕ್ಕೂ ನದಿಯ ನೆಲಕ್ಕೂ ನಡುವೆ 30 ಸೆಂಟಿಮೀಟರ್ ಬಿಡಬೇಕು ಅಂತ ಇಟ್ಟುಕೊಳ್ಳಿ. ಕೋಲು 150 ತೋರಿಸುವಾಗ ಹಾದಿಯ ಆಳ 2.62 ಮೀಟರ್, ದೋಣಿ 2.3 ಮೀಟರ್ ಇಳಿಯಬಹುದು, ಒಯ್ಯಬಹುದಾದ ಸರಕು 1,500 ಟನ್ ಆಸುಪಾಸು. 78ಕ್ಕೆ ಬಂದಾಗ ಡ್ರಾಫ್ಟ್ 1.6, ಸರಕು 800 ಟನ್ ಇದ್ದರೆ ಹೆಚ್ಚು. 40ರಲ್ಲಿ ಮುನ್ನೂರು, ಮುನ್ನೂರೈವತ್ತು. 25ರಲ್ಲಿ? ಖಾಲಿ ದೋಣಿಗೇ ಸುಮಾರು ಒಂದು ಮೀಟರ್ ನೀರು ಬೇಕು, ಎಂಜಿನ್ ಇರುವ ಹಿಂಭಾಗಕ್ಕೆ ಇನ್ನೂ ಜಾಸ್ತಿ. ಉಳಿಯುವುದು ನೆಪಕ್ಕೆ ಮಾತ್ರ. ಇವು ನನ್ನ ಅಂದಾಜು ಲೆಕ್ಕಗಳು, ದೋಣಿಯಿಂದ ದೋಣಿಗೆ ಬದಲಾಗುತ್ತವೆ. ಆದರೆ ಸರಕು ಯಾವ ವೇಗದಲ್ಲಿ ಕರಗುತ್ತದೆ ಅನ್ನೋದು ಇದರಲ್ಲಿ ಕಾಣುತ್ತದೆ.

ಸರಿ, ರೈನ್ ಅಷ್ಟು ಉದ್ದ ಇದೆ, ಈ ಒಂದೇ ಊರು ಯಾಕೆ ಎಲ್ಲರ ಬಾಯಲ್ಲೂ? ರೈನ್ ಸ್ವಿಟ್ಜರ್ಲೆಂಡಿನ ಆಲ್ಪ್ಸ್‌ನಲ್ಲಿ ಹುಟ್ಟಿ ಸುಮಾರು 1,230 ಕಿಲೋಮೀಟರ್ ಹರಿದು ನೆದರ್‌ಲೆಂಡ್ಸ್‌ನಲ್ಲಿ ಸಮುದ್ರ ಸೇರುತ್ತದೆ. ಮೈನ್ಸ್ ಮತ್ತು ಕೊಬ್ಲೆನ್ಸ್ ನಡುವೆ ಅದು ಸ್ಲೇಟ್ ಕಲ್ಲಿನ ಬೆಟ್ಟಗಳನ್ನು ಕೊರೆದುಕೊಂಡು ಹೋಗುತ್ತದೆ. ಅಲ್ಲಿ ನದಿಯ ತಳ ಬರೀ ಮರಳಲ್ಲ, ಬಂಡೆ. ಮರಳಾದರೆ ಯಂತ್ರ ಇಳಿಸಿ ಬಾಚಬಹುದು, ಬಂಡೆಯನ್ನು ಒಡೆಯಬೇಕು. ಕೌಬ್ ಇರುವುದು ಈ ಕಣಿವೆಯಲ್ಲಿ. ಮೈನ್ಸ್ ಹತ್ತಿರದ ಬುಡೆನ್‌ಹೈಮ್‌ನಿಂದ ಸಾಂಕ್ಟ್ ಗೋರ್ ವರೆಗಿನ ಸುಮಾರು 50 ಕಿಲೋಮೀಟರಿನಲ್ಲಿ ಆ ಕನಿಷ್ಠ ಆಳ 1.90 ಮೀಟರ್. ಇದಕ್ಕಿಂತ ಮೇಲಿನ ಭಾಗದಲ್ಲಿ 2.10, ಕೆಳಗಿನ ಭಾಗದಲ್ಲಿ ಅಷ್ಟೇ, ಇಲ್ಲಾ ಇನ್ನೂ ಜಾಸ್ತಿ. ಅಂದರೆ ನದಿಯ ಹಾದಿಗೆ ಇದೊಂದು ಕತ್ತು.

ಕತ್ತು ಕಿರಿದಾದರೆ ಕೊಡ ಎಷ್ಟು ದೊಡ್ಡದಿದ್ದರೇನು? ರೋಟರ್‌ಡ್ಯಾಮ್ ಬಂದರಿನಲ್ಲಿ ನೀರಿಗೆ ಬರವಿಲ್ಲ. ಅಲ್ಲಿ ಬಾರ್ಜಿಗೆ ಎಷ್ಟು ಬೇಕಾದರೂ ತುಂಬಬಹುದು. ಆದರೆ ಆ ದೋಣಿ ಲುಡ್ವಿಗ್ಸ್‌ಹಾಫೆನ್‌ಗೋ ಸ್ಟ್ರಾಸ್‌ಬರ್ಗ್‌ಗೋ ಬಾಸೆಲ್‌ಗೋ ಹೋಗಬೇಕಾದರೆ ಕೌಬ್ ದಾಟಲೇಬೇಕು. ಹಾಗಾಗಿ ಸುಮಾರು 450 ಕಿಲೋಮೀಟರ್ ದೂರದ ಬಂದರಿನಲ್ಲಿ ನಿಂತು, ಕೆಲವು ದಿನಗಳ ನಂತರ ಕೌಬ್‌ನಲ್ಲಿ ಎಷ್ಟು ನೀರಿರಬಹುದು ಅಂತ ಊಹಿಸಿ, ಅದಕ್ಕೆ ತಕ್ಕಂತೆ ತುಂಬಬೇಕು. ಊಹೆ 10 ಸೆಂಟಿಮೀಟರ್ ತಪ್ಪಿದರೆ 110 ಟನ್ ವ್ಯತ್ಯಾಸ. ಜಾಸ್ತಿ ತುಂಬಿದರೆ ದಾರಿಯಲ್ಲಿ ಇನ್ನೊಂದು ದೋಣಿಗೆ ಸರಕು ದಾಟಿಸಬೇಕು, ಇಲ್ಲಾ ನೀರು ಏರುವ ತನಕ ಲಂಗರು ಹಾಕಿ ಕಾಯಬೇಕು. ಕಡಿಮೆ ತುಂಬಿದರೆ ಬಾಡಿಗೆ ನಷ್ಟ.

ನೀರು ಯಾಕೆ ಇಳಿಯಿತು ಅನ್ನೋದು ಸುಲಭ. ಆ ವರ್ಷ ಯುರೋಪಿನ ಬೇಸಿಗೆ ಕೆಟ್ಟ ಬಿಸಿಲು, ಮಳೆ ಕಡಿಮೆ. ವಸಂತದ ನಂತರ ಸರಿಯಾಗಿ ಮಳೆ ಬರಲೇ ಇಲ್ಲ. ಬೇಸಿಗೆಯ ಮೊದಲ ಭಾಗದಲ್ಲಿ ಆಲ್ಪ್ಸ್‌ನ ಹಿಮ ಕರಗಿದ ನೀರು, ಬೋಡೆನ್‌ಸೇ ಸರೋವರದಲ್ಲಿ ತುಂಬಿದ್ದ ನೀರು ನದಿಯನ್ನು ಹಿಡಿದಿಡುತ್ತವೆ. ಅದು ಮುಗಿದ ಮೇಲೆ ಮಳೆಯೇ ಗತಿ. ಮಳೆ ಬರಲಿಲ್ಲ, ನದಿ ಇಳಿಯುತ್ತಲೇ ಹೋಯಿತು. ಡಿಸೆಂಬರ್ ಮೊದಲ ದಿನಗಳ ಮಳೆ ಬಂದ ಮೇಲೆಯೇ ಚೇತರಿಕೆ.

ಅಣೆಕಟ್ಟಿನ ಗೇಟು ತೆಗೆದು ನೀರು ಬಿಡಬಹುದಿತ್ತಲ್ವಾ ಅಂತ ಕೇಳಬಹುದು. ಬಾಸೆಲ್‌ನಿಂದ ಇಫೆಟ್ಸ್‌ಹೈಮ್ ತನಕ ರೈನ್‌ಗೆ ಸಾಲಾಗಿ 10 ಕಟ್ಟೆಗಳಿವೆ. ಪ್ರತಿ ಕಟ್ಟೆಯ ಪಕ್ಕ ಲಾಕ್ ಇದೆ, ದೋಣಿಯನ್ನು ಒಳಗೆ ತೆಗೆದುಕೊಂಡು ನೀರು ತುಂಬಿಸಿ ಮೇಲೆತ್ತುವ, ನೀರು ಬಿಟ್ಟು ಕೆಳಗಿಳಿಸುವ ತೊಟ್ಟಿ ಅದು. ಆ ಭಾಗದಲ್ಲಿ ಕಟ್ಟೆಗಳು ನೀರನ್ನು ತಡೆದು ಆಳ ಕಾಯುತ್ತವೆ. ಆದರೆ 1977ರಲ್ಲಿ ಶುರುವಾದ ಇಫೆಟ್ಸ್‌ಹೈಮ್ ಕಟ್ಟೆಯೇ ಕೊನೆಯದು. ಅಲ್ಲಿಂದ ಸಮುದ್ರದ ಕಡೆಗೆ ಜರ್ಮನಿಯಲ್ಲಿ ಎಲ್ಲೂ ತಡೆಯಿಲ್ಲ. ಕಟ್ಟೆಗಳ ಹಿಂದೆ ತಿಂಗಳುಗಟ್ಟಲೆ ಬಿಡುವಷ್ಟು ನೀರಿನ ಸಂಗ್ರಹವೂ ಇಲ್ಲ, ಬಂದ ನೀರನ್ನು ಮುಂದೆ ಬಿಡುವ ಕಟ್ಟೆಗಳು ಅವು. ಕೌಬ್‌ನಲ್ಲಿ ನದಿ ತಾನು ಹರಿದಂತೆ ಹರಿಯುತ್ತದೆ.

ಆಳ ಕಡಿಮೆ ಇರುವ ನೀರಲ್ಲಿ ದೋಣಿ ನಡೆಸುವುದು ಬರೀ ಕಮ್ಮಿ ತುಂಬಿ ಹೋಗುವ ವಿಷಯವಲ್ಲ. ನೀರು ಆಳವಿದ್ದಾಗ ಇರುವ ನಡತೆ ದೋಣಿಗೆ ಆಗ ಇರುವುದಿಲ್ಲ. ಸಪಾಟಾದ ಅಗಲ ತಳ ನೆಲಕ್ಕೆ ಹತ್ತಿರ ಬಂದಾಗ ಮಧ್ಯದ ಸಂದಿಯಲ್ಲಿ ನೀರು ಇಕ್ಕಟ್ಟಾಗಿ ಜೋರಾಗಿ ಹಿಂದಕ್ಕೆ ನುಗ್ಗುತ್ತದೆ. ನೀರಿನ ವೇಗ ಹೆಚ್ಚಿದ ಕಡೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ದೋಣಿ ಇನ್ನಷ್ಟು ಕೆಳಕ್ಕೆ ಕೂರುತ್ತದೆ. ಜೋರಾಗಿ ಓಡಿಸಿದಷ್ಟೂ ಈ ಕೂರುವಿಕೆ ಜಾಸ್ತಿ. ದಡದಲ್ಲಿ ನಿಂತಾಗ ಇದ್ದ 30 ಸೆಂಟಿಮೀಟರ್ ಅಂತರ ಓಡುವಾಗ ಅರ್ಧಕ್ಕೆ ಬರಬಹುದು. ಆದ್ದರಿಂದ ನಿಧಾನ ಹೋಗಲೇಬೇಕು. ಆದರೆ ಹರಿವಿಗೆ ಎದುರಾಗಿ ಹೋಗುವವರು ತೀರಾ ನಿಧಾನ ಮಾಡಿದರೆ ದೋಣಿ ಮುಂದಕ್ಕೇ ಹೋಗದು. ಮಧ್ಯದಲ್ಲಿ ಒಂದು ಹದ ಇದೆ, ಅದನ್ನು ಹಿಡಿಯುವುದು ಕೈಯಲ್ಲಿ ಪಳಗಿದ ವಿದ್ಯೆ.

ಪ್ರೊಪೆಲ್ಲರ್ ಇನ್ನೊಂದು ತಲೆನೋವು. ದೊಡ್ಡ ಬಾರ್ಜಿನ ಪ್ರೊಪೆಲ್ಲರ್ ಒಂದೂವರೆ ಮೀಟರಿಗಿಂತ ಅಗಲ ಇರುತ್ತದೆ. ದೋಣಿ 1.2 ಮೀಟರ್ ಮಾತ್ರ ಇಳಿದಿದ್ದರೆ ಅದರ ಮೇಲ್ಭಾಗ ನೀರಿನಿಂದ ಹೊರಗೆ. ಇದಕ್ಕಾಗಿಯೇ ನದಿಯ ದೋಣಿಗಳ ಹಿಂಭಾಗದ ತಳದಲ್ಲಿ ಬೋಗುಣಿ ಕವುಚಿಟ್ಟ ಹಾಗೆ ಒಂದು ಗೂಡು ಮಾಡಿರುತ್ತಾರೆ. ಪ್ರೊಪೆಲ್ಲರ್ ತಿರುಗಿದಾಗ ಗೂಡಿನ ಗಾಳಿ ಹೊರಟು ನೀರು ಮೇಲಕ್ಕೆ ಎಳೆದು ತುಂಬಿಕೊಳ್ಳುತ್ತದೆ. ಒಳ್ಳೇ ಉಪಾಯ, ಆದರೆ ಅದಕ್ಕೂ ಮಿತಿ ಇದೆ. ನೀರು ತೀರಾ ಕಡಿಮೆಯಾದರೆ ಬದಿಯಿಂದ ಗಾಳಿ ನುಗ್ಗುತ್ತದೆ, ಎಂಜಿನ್ ಅಬ್ಬರಿಸುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ.

ಹರಿವಿನ ಜೊತೆ ಕೆಳಕ್ಕೆ ಹೋಗುವವರಿಗೆ ಭಯ ಹೆಚ್ಚು. ಮೇಲಕ್ಕೆ ಹೋಗುವಾಗ ಮೂತಿ ತಾಗಿ ನಿಂತರೆ ನದಿಯೇ ಹಿಂದಕ್ಕೆ ತಳ್ಳುತ್ತದೆ, ಬಿಡಿಸಿಕೊಳ್ಳಬಹುದು. ಕೆಳಕ್ಕೆ ಹೋಗುವಾಗ ಮೂತಿ ತಾಗಿದರೆ ಹಿಂದಿನಿಂದ ಬರುವ ಹರಿವು ಬಾಲವನ್ನು ತಿರುಗಿಸಿ ದೋಣಿಯನ್ನು ಅಡ್ಡ ಹಾಕುತ್ತದೆ. 110 ಮೀಟರಿನ ದೋಣಿ ಅಡ್ಡ ಬಿದ್ದರೆ ಅವತ್ತಿಗೆ ಎಲ್ಲರ ದಾರಿಯೂ ಬಂದ್. ಅದರ ಮೇಲೆ ನೀರು ಇಳಿದಾಗ ಹಾದಿಯ ಅಗಲವೂ ಕುಗ್ಗುತ್ತದೆ, ಎದುರುಬದುರು ದೋಣಿಗಳು ಹತ್ತಿರ ಹತ್ತಿರ ದಾಟಬೇಕು. ರೈನ್‌ನಲ್ಲಿ ಯಾವ ಬದಿಯಿಂದ ದಾಟಬೇಕು ಅಂತ ತೀರ್ಮಾನಿಸುವುದು ಮೇಲಕ್ಕೆ ಹೋಗುವ ದೋಣಿ. ಬಲಕ್ಕೆ ಬಲ ಹೋಗಬೇಕಾದರೆ ನೀಲಿ ಹಲಗೆ ಎತ್ತಿ ಬಿಳಿ ದೀಪ ಮಿನುಗಿಸುತ್ತದೆ, ಎದುರಿನವರೂ ಹಾಗೇ ಉತ್ತರ ಕೊಡುತ್ತಾರೆ. ಆ ಶರತ್ಕಾಲದಲ್ಲಿ ಈ ನೀಲಿ ಹಲಗೆಗಳಿಗೆ ಬಿಡುವಿರಲಿಲ್ಲ ಅನ್ನಿಸುತ್ತದೆ. ಒಂದು ದೋಣಿಯ ಸರಕಿಗೆ ಮೂರು ನಾಲ್ಕು ದೋಣಿ ಬೇಕಾಗಿ, ನದಿ ಕಿರಿದಾದಾಗಲೇ ದಟ್ಟಣೆ ಹೆಚ್ಚಿತು.

ಇದರ ಪರಿಣಾಮ ದಡದ ಮೇಲೆ ಹೇಗಿತ್ತು? ಲುಡ್ವಿಗ್ಸ್‌ಹಾಫೆನ್‌ನ ಬಿಎಎಸ್ಎಫ್ ರಾಸಾಯನಿಕ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಒಳಬರುವ ಹೊರಹೋಗುವ ಸರಕಿನಲ್ಲಿ ಸುಮಾರು ಶೇ. 40 ದೋಣಿಯ ಮೇಲೆಯೇ. ಕಂಪನಿಯ ಲೆಕ್ಕದಲ್ಲಿ ಆ ವರ್ಷ ನೀರಿನ ಮಟ್ಟದಿಂದ ಆದ ಪೆಟ್ಟು ಸುಮಾರು 25 ಕೋಟಿ ಯೂರೋ. ನವೆಂಬರಿನಲ್ಲಿ ಫೋಮ್ ಹಾಸಿಗೆಗೆ ಬೇಕಾಗುವ ಟಿಡಿಐ ಅನ್ನೋ ರಾಸಾಯನಿಕದ ಉತ್ಪಾದನೆ ನಿಲ್ಲಿಸಬೇಕಾಯಿತು. ಡ್ಯೂಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಗೂ ಕಚ್ಚಾ ವಸ್ತು ಬೇಕಾದಷ್ಟು ಬರಲಿಲ್ಲ. ಜರ್ಮನ್ ಸರಕಾರ ಅಕ್ಟೋಬರ್ ಕೊನೆಗೆ ತುರ್ತು ದಾಸ್ತಾನಿನಿಂದ ಪೆಟ್ರೋಲ್, ಡೀಸೆಲ್ ಮತ್ತು ವಿಮಾನ ಇಂಧನ ಬಿಡುಗಡೆ ಮಾಡಿತು. ಸ್ವಿಟ್ಜರ್ಲೆಂಡೂ ತನ್ನ ದಾಸ್ತಾನಿಗೆ ಕೈ ಹಾಕಿತು. ಇಲ್ಲಿ ಗಮನಿಸಿ, ಜಗತ್ತಿನಲ್ಲಿ ಎಣ್ಣೆಗೆ ಕೊರತೆ ಇರಲಿಲ್ಲ. ರೋಟರ್‌ಡ್ಯಾಮಿನ ಟ್ಯಾಂಕುಗಳಲ್ಲಿ ಎಣ್ಣೆ ಇತ್ತು. ಅದನ್ನು ಹೊತ್ತು ತರುವ ಆಳ ಇರಲಿಲ್ಲ, ಅಷ್ಟೇ.

ಕೀಲ್ ನಗರದ ಅರ್ಥಶಾಸ್ತ್ರ ಸಂಸ್ಥೆಯವರು ಆಮೇಲೆ ಹಳೆಯ ಅಂಕಿಗಳನ್ನೆಲ್ಲ ಹರಡಿಕೊಂಡು ಲೆಕ್ಕ ಹಾಕಿದರು. ಕೌಬ್‌ನಲ್ಲಿ ಒಂದು ತಿಂಗಳು ಪೂರ್ತಿ ಮಟ್ಟ 78ರ ಕೆಳಗಿದ್ದರೆ ಜರ್ಮನಿಯ ಕೈಗಾರಿಕಾ ಉತ್ಪಾದನೆ ಸುಮಾರು ಶೇ. 1 ಇಳಿಯುತ್ತದೆ ಅಂತ ಬಂತು. ಒಂದು ಸಣ್ಣ ಊರಿನ ಒಂದು ಕೋಲು, ಇಡೀ ದೇಶದ ಕಾರ್ಖಾನೆಗಳು.

ರೈಲು, ಲಾರಿ ಇಲ್ವಾ? ಇವೆ. ರೈನ್ ಕಣಿವೆಯ ಎರಡೂ ದಡದಲ್ಲಿ ರೈಲು ಹಳಿ ಇದೆ. ಆದರೆ ಆ ಹಳಿಗಳು ಮೊದಲೇ ತುಂಬಿದ್ದವು, ಟ್ಯಾಂಕ್ ವ್ಯಾಗನ್‌ಗಳನ್ನು ರಾತ್ರೋರಾತ್ರಿ ತರುವುದೂ ಆಗದ ಮಾತು. ಒಂದು ಬಾರ್ಜಿನ ಜಾಗ ತುಂಬಲು ನೂರು ಲಾರಿ, ನೂರು ಚಾಲಕರು ಬೇಕು. ಎಷ್ಟೋ ಕಾರ್ಖಾನೆಗಳಲ್ಲಿ ಸರಕು ಇಳಿಸುವ ವ್ಯವಸ್ಥೆಯನ್ನೇ ದಕ್ಕೆಯ ಕಡೆ ಮುಖ ಮಾಡಿ ಕಟ್ಟಿರುತ್ತಾರೆ. ಅವರು ನದಿಯನ್ನು ಅಷ್ಟು ನಂಬಿದ್ದಕ್ಕೆ ಕಾರಣವೂ ಇದೆ. ಕೌಬ್‌ನ ಎದುರಿಗೇ ನದಿಯ ನಡುವೆ ಫಾಲ್ಸ್‌ಗ್ರಾಫೆನ್‌ಸ್ಟೈನ್ ಅನ್ನೋ ಪುಟ್ಟ ಕೋಟೆ ಇದೆ, 14ನೇ ಶತಮಾನದಲ್ಲಿ ದೋಣಿಗಳಿಂದ ಸುಂಕ ವಸೂಲಿ ಮಾಡಲೆಂದೇ ಕಟ್ಟಿದ್ದು. ಅಂಥ ಸುಂಕಗಳನ್ನೆಲ್ಲ ತೆಗೆದು ರೈನ್ ಎಲ್ಲರಿಗೂ ಮುಕ್ತ ಅಂತ ದಂಡೆಯ ದೇಶಗಳು 1868ರ ಮ್ಯಾನ್‌ಹೈಮ್ ಒಪ್ಪಂದದಲ್ಲಿ ಬರೆದುಕೊಂಡವು. ಹಾದಿ ಪುಕ್ಕಟೆ, ಸಾಗಣೆ ಅಗ್ಗ. ಕಾರ್ಖಾನೆಗಳು ದಡಕ್ಕೆ ಬಂದು ಕೂತದ್ದರಲ್ಲಿ ಆಶ್ಚರ್ಯವಿಲ್ಲ.

ದೋಣಿಯವರ ಪಾಡು ಹೇಗಿತ್ತು ಅಂತ ಕೇಳಿದರೆ ಉತ್ತರ ನಾವು ಅಂದುಕೊಂಡ ಹಾಗಿಲ್ಲ. ರೈನ್‌ನ ಎಷ್ಟೋ ದೋಣಿಗಳು ಕುಟುಂಬಗಳ ಸ್ವಂತ ದೋಣಿಗಳು, ಗಂಡ ಹೆಂಡತಿ ಅದರಲ್ಲೇ ಮನೆ ಮಾಡಿಕೊಂಡಿರುತ್ತಾರೆ. ಸಾಗಣೆ ಒಪ್ಪಂದದಲ್ಲಿ ಕೌಬ್‌ನ ಅಂಕಿಯನ್ನು ಬರೆದೇ ಇಟ್ಟಿರುತ್ತಾರೆ. ಒಂದು ಮಟ್ಟಕ್ಕಿಂತ ನೀರು ಇಳಿದರೆ ಬಾಡಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಇನ್ನೂ ಇಳಿದರೆ ಸಾಗಿಸಲೇಬೇಕು ಅನ್ನೋ ಹೊಣೆಯೇ ಇರುವುದಿಲ್ಲ. ಹಾಗಾಗಿ ಕಾಲು ಭಾಗ ತುಂಬಿ ಹೋದವರಿಗೂ ಒಳ್ಳೇ ದುಡ್ಡು ಬಂತು. ಅದನ್ನು ನಾನು ತಪ್ಪು ಅನ್ನುವುದಿಲ್ಲ. ತಳ ತಾಗುವ ಭಯದಲ್ಲಿ, ತಿಂಗಳುಗಟ್ಟಲೆ, ದಿನಕ್ಕೆ ಎಷ್ಟೋ ಗಂಟೆ ಚುಕ್ಕಾಣಿ ಹಿಡಿದು ಕೂತವರು ಅವರು.

ಈಗ ನನ್ನ ಮುಖ್ಯ ಮಾತು. ಚಪ್ಪಟೆ ತಳದ ದೋಣಿ ಇಷ್ಟು ಆಳ ಕೇಳುವ ಹಾಗೆ ಆಗಿದ್ದು ಹೇಗೆ?

ಫ್ರಾನ್ಸಿನಲ್ಲಿ 1879ರ ಫ್ರೇಸಿನೆ ಕಾನೂನಿನಿಂದ ಕಾಲುವೆ ಲಾಕ್‌ಗಳಿಗೆ ಒಂದೇ ಅಳತೆ ಬಂತು. ಆ ಅಳತೆಗೆ ಕಟ್ಟಿದ ದೋಣಿ 38.5 ಮೀಟರ್ ಉದ್ದ, 5.05 ಮೀಟರ್ ಅಗಲ, ಇಳಿತ ಎರಡು ಮೀಟರ್ ಆಸುಪಾಸು, ಸರಕು ಮುನ್ನೂರು, ಮುನ್ನೂರೈವತ್ತು ಟನ್. ನಂತರ ಎರಡನೇ ಮಹಾಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ಬಂದ ಮಾದರಿ 85 ಮೀಟರ್ ಉದ್ದ, 9.5 ಮೀಟರ್ ಅಗಲ, ಇಳಿತ 2.5 ಮೀಟರ್, ಸರಕು 1,350 ಟನ್. ಆಮೇಲೆ ನಮ್ಮ 110 ಮೀಟರಿನದು, ಅಗಲ 11.4, ಇಳಿತ 3.5. ಈ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಅಗಲ ಬೆಳೆಯುತ್ತಾ ಬಂದು 11.4ಕ್ಕೆ ಗಕ್ಕನೆ ನಿಲ್ಲುತ್ತದೆ. ಯಾಕೆ? ಮೈನ್, ನೆಕಾರ್, ಮೋಸೆಲ್ ನದಿಗಳ ಲಾಕ್‌ಗಳ ಅಗಲ 12 ಮೀಟರ್. ಉಪನದಿಗಳಿಗೂ ಹೋಗಬೇಕು ಅಂದರೆ ದೋಣಿ ಅದರೊಳಗೆ ತೂರಬೇಕು. ಅಗಲಕ್ಕೆ ಗೋಡೆ ಸಿಕ್ಕಿತು. ಜಾಸ್ತಿ ಸರಕು ಬೇಕಾದರೆ ಉಳಿದ ದಿಕ್ಕು ಎರಡೇ, ಉದ್ದ ಮತ್ತು ಆಳ. ದೋಣಿ ಎರಡೂ ಕಡೆ ಬೆಳೆಯಿತು.

ಹಾಗೆ ಬೆಳೆಸಿದವರು ದಡ್ಡರಲ್ಲ. ಅದೇ ಮೂರು ನಾಲ್ಕು ಜನ ಸಿಬ್ಬಂದಿ ಎರಡು ಪಟ್ಟು ಸರಕು ಒಯ್ಯುತ್ತಾರೆ, ಟನ್ನಿಗೆ ಡೀಸೆಲ್ ಕಡಿಮೆ. ವರ್ಷದ ಹೆಚ್ಚು ದಿನ ನೀರೂ ಸಾಕಷ್ಟು ಇರುತ್ತದೆ. ಇನ್ನೊಂದು ಕಡೆ ಸಣ್ಣ ದೋಣಿಗಳು ಕಡಿಮೆಯಾದವು. ದೋಣಿಗಳು ಜಾಸ್ತಿ, ಸರಕು ಕಮ್ಮಿ ಅನ್ನೋ ಕಾಲದಲ್ಲಿ, 1989ರ ನಂತರ, ಹಳೆಯವನ್ನು ಒಡೆಯುವವರಿಗೆ ಯುರೋಪಿನ ಮಟ್ಟದಲ್ಲಿ ದುಡ್ಡು ಕೊಡುವ ಯೋಜನೆಯೂ ಇತ್ತು. ಒಂದೊಂದೇ ನೋಡಿದರೆ ಎಲ್ಲವೂ ಸರಿಯಾದ ತೀರ್ಮಾನ. ಆದರೆ ಒಟ್ಟು ಸೇರಿ ಆದದ್ದು ಏನಂದರೆ, 1.9 ಮೀಟರಿನ ಕತ್ತಿರುವ ನದಿಯಲ್ಲಿ 3.5 ಮೀಟರ್ ಹೊಟ್ಟೆಯ ದೋಣಿಗಳು ತುಂಬಿಕೊಂಡವು. ಕೌಬ್‌ನ ಸರಾಸರಿ ಮಟ್ಟ ಎರಡು ಮೀಟರಿಗೆ ಸ್ವಲ್ಪ ಮೇಲೆ. ಮೇಲಿನ ಲೆಕ್ಕದ ಪ್ರಕಾರ ಸರಾಸರಿ ದಿನವೂ ಇವು ಪೂರ್ತಿ ತುಂಬಿಕೊಂಡು ದಾಟುವಂತಿಲ್ಲ! ತಳ ಚಪ್ಪಟೆಯಾಗಿಯೇ ಉಳಿಯಿತು, ಚಪ್ಪಟೆ ತಳದಿಂದ ಸಿಗಬೇಕಾದ ಉಪಕಾರ ಕೈಜಾರಿತು.

2018 ಮುಗಿದ ಮೇಲೆ ಜರ್ಮನ್ ಸಾರಿಗೆ ಸಚಿವಾಲಯ ಮತ್ತು ಉದ್ಯಮಗಳು ಸೇರಿ 2019ರ ಜುಲೈನಲ್ಲಿ 8 ಅಂಶಗಳ ಒಂದು ಯೋಜನೆಗೆ ಸಹಿ ಹಾಕಿದವು. ಅದರಲ್ಲಿ ಮೂರು ಸಂಗತಿ ಮುಖ್ಯ ಅನ್ನಿಸುತ್ತದೆ. ನೀರಿನ ಮುನ್ಸೂಚನೆಯನ್ನು ಹೆಚ್ಚು ದಿನಗಳಿಗೆ ಕೊಡುವುದು ಒಂದು. ಈಗ ಆರು ವಾರಗಳ ಮುನ್ಸೂಚನೆ ಸಿಗುತ್ತದೆ, ರೋಟರ್‌ಡ್ಯಾಮಿನಲ್ಲಿ ತುಂಬುವವರಿಗೂ ದಾಸ್ತಾನು ಇಡುವ ಕಾರ್ಖಾನೆಗೂ ಇದು ದೊಡ್ಡ ಆಸರೆ. ಎರಡನೆಯದು ಕತ್ತನ್ನು ಅಗೆಯುವುದು, ಅಂದರೆ ಆ 50 ಕಿಲೋಮೀಟರಿನಲ್ಲಿ 1.90ನ್ನು 2.10 ಮಾಡುವುದು. 20 ಸೆಂಟಿಮೀಟರ್ ಅಂದರೆ ದೋಣಿಗೆ 220 ಟನ್, ಬರಗಾಲದಲ್ಲಿ ಅದು ಬಹಳ. ಆದರೆ ಆ ಕಣಿವೆ 2002ರಿಂದ ಯುನೆಸ್ಕೋ ಪರಂಪರೆಯ ತಾಣ, ನದಿಯ ಜೀವಜಾಲದ ಪ್ರಶ್ನೆಯೂ ಇದೆ. ಬಂಡೆ ಒಡೆಯುವುದು ಬೇಗ ಮುಗಿಯುವ ಕೆಲಸವಲ್ಲ. 2022ರ ಆಗಸ್ಟ್‌ನಲ್ಲಿ ಕೌಬ್ ಮತ್ತೆ 30ರ ಆಸುಪಾಸಿಗೆ ಇಳಿದಾಗ ಆ ಬಂಡೆಗಳು ಅಲ್ಲೇ ಇದ್ದವು.

ಮೂರನೆಯದು ದೋಣಿಯನ್ನೇ ಬದಲಿಸುವುದು. ನನಗೆ ತುಂಬಾ ಹಿಡಿಸಿದ್ದು ಇದು. ಬಿಎಎಸ್ಎಫ್‌ಗಾಗಿ ಹೊಸದೊಂದು ಟ್ಯಾಂಕರ್ ವಿನ್ಯಾಸ ಮಾಡಿದರು. ಡ್ಯೂಸ್‌ಬರ್ಗ್‌ನ ಹಡಗು ತಂತ್ರಜ್ಞಾನ ಕೇಂದ್ರವೂ ಅದರಲ್ಲಿ ಕೈಜೋಡಿಸಿತು. 2023ರ ಮೇನಲ್ಲಿ ಅದಕ್ಕೆ ಸ್ಟೋಲ್ಟ್ ಲುಡ್ವಿಗ್ಸ್‌ಹಾಫೆನ್ ಅಂತ ಹೆಸರಿಟ್ಟರು. ಉದ್ದ 135 ಮೀಟರ್, ಅಗಲ 17.5 ಮೀಟರ್. ನಮ್ಮ ಅದೇ ಗುಣಾಕಾರ ಮಾಡಿ ನೋಡಿ, ಒಂದು ಸೆಂಟಿಮೀಟರಿಗೆ 20 ಟನ್ ದಾಟುತ್ತದೆ. ಹೊಟ್ಟೆ ಅಗಲವಾಯಿತು, ಒಡಲು ಹಗುರವಾಯಿತು, ಅದಕ್ಕೆ ಸಮುದ್ರದ ಹಡಗು ಕಟ್ಟುವವರ ಉಪಾಯಗಳನ್ನು ತಂದರು. ಒಂದು ದೊಡ್ಡ ಪ್ರೊಪೆಲ್ಲರ್ ನಂಬಿಕೊಳ್ಳದೆ ಮೂರು ಇಟ್ಟರು, ವಿದ್ಯುತ್ ಮೋಟಾರುಗಳು ಅವನ್ನು ತಿರುಗಿಸುತ್ತವೆ, ಆ ವಿದ್ಯುತ್ತನ್ನು ದೋಣಿಯಲ್ಲಿರುವ ಡೀಸೆಲ್ ಜನರೇಟರುಗಳು ಕೊಡುತ್ತವೆ. ಕೌಬ್‌ನ ಕೋಲು 30 ತೋರಿಸಿದರೂ 650 ಟನ್ ಹೊತ್ತು ದಾಟಬಲ್ಲದು ಅಂತ ಕಂಪನಿ ಹೇಳುತ್ತದೆ. ಉಳಿದ ದೊಡ್ಡ ದೋಣಿಗಳು ಹೆಚ್ಚುಕಡಿಮೆ ಖಾಲಿ ಹೋಗಬೇಕಾದ ಮಟ್ಟ ಅದು. ಇಷ್ಟು ಅಗಲದ ದೋಣಿ ರೈನ್‌ಗೆ ಪೂರ್ತಿ ಹೊಸದಲ್ಲ, ಸುಮಾರು 17 ಮೀಟರ್ ಅಗಲದ ಕಂಟೇನರ್ ದೋಣಿಗಳು ಮೊದಲೇ ಇದ್ದವು. ಆದರೆ ಅವನ್ನು ಅಗಲ ಮಾಡಿದ್ದು ಜಾಸ್ತಿ ಪೆಟ್ಟಿಗೆ ಹೇರಲು. ಇದನ್ನು ಅಗಲ ಮಾಡಿದ್ದು ಕಡಿಮೆ ನೀರಲ್ಲಿ ತೇಲಲು.

ಅದಕ್ಕೆ ಬಿಟ್ಟುಕೊಟ್ಟದ್ದೂ ಉಂಟು. ಈ ದೋಣಿ ಮೈನ್ ನದಿಗೆ ತಿರುಗಲಾರದು, ನೆಕಾರ್‌ಗೆ ಹೋಗಲಾರದು, ಮೋಸೆಲ್‌ನಲ್ಲಿ ಮೊದಲ ಲಾಕ್‌ನ ಬಾಗಿಲಲ್ಲೇ ನಿಲ್ಲುತ್ತದೆ. ಆ ಉಪನದಿಗಳ ದಂಡೆಯ ಊರುಗಳಿಗೆ ಈಗಲೂ 11.4 ಮೀಟರಿನ ದೋಣಿಯೇ ಬರಬೇಕು, ಅದೂ ಸಮುದ್ರದ ಕಡೆಯಿಂದ ಬರುವುದಾದರೆ ಮೈನ್ ಮತ್ತು ನೆಕಾರ್ ದೋಣಿಗಳು ಕೌಬ್ ದಾಟಿಯೇ ಬರಬೇಕು. ಕೋಲು 40ರ ಕೆಳಗೆ ಹೋದ ದಿನ ಫ್ರಾಂಕ್‌ಫರ್ಟಿನ ದಕ್ಕೆಯಲ್ಲೋ ಸ್ಟುಟ್‌ಗಾರ್ಟಿನ ದಕ್ಕೆಯಲ್ಲೋ ಸರಕಿಗೆ ಕಾಯುತ್ತಾ ನಿಂತವರಿಗೆ 2018ರಲ್ಲಿ ಆದದ್ದೇ ಮತ್ತೆ ಆಗುತ್ತದೆ.